ಪೆಟ್ರೋಲ್ ಬಂಕಿನ ಬಾಬತ್ತು: ಬ್ಯಾಂಕಿನ ಲೆಕ್ಕಪಟ್ಟಿಯನ್ನು ಓದುವ ಬಗೆ

ನಮ್ಮ ಹಿರಿಯರು ಲೆಕ್ಕವನ್ನು ಕಡತದಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಆ ಕಪ್ಪು ಹೊತ್ತಗೆಯನ್ನು ಓದಬಲ್ಲವನು ಊರಿಗೆ ಒಬ್ಬನೋ ಇಬ್ಬರೋ ಇರುತ್ತಿದ್ದರು. ಆ ಅಕ್ಷರ ಮೋಡಿ, ಸಂಕ್ಷೇಪಗಳು ನಿಗೂಢ. ಆದರೂ ತಿಳಿಯದ ಸಾಲು ಬಂದಾಗ ಬರೆದ ಶಾನುಭೋಗರನ್ನೇ ಕರೆದು ಕೇಳಬಹುದಾಗಿತ್ತು. ಇಂದಿನ ಕಡತವೆಂದರೆ ಬ್ಯಾಂಕಿನ ಲೆಕ್ಕಪಟ್ಟಿ. ಇದನ್ನು ಬರೆಯುವುದು ಯಂತ್ರ. ಕರೆದು ಕೇಳೋಣವೆಂದರೆ ಬರೆದವರು ಯಾರೂ ಇಲ್ಲ. ಆದುದರಿಂದ ಓದುವ ಭಾರವೆಲ್ಲ ಓದುಗನ ಮೇಲೆಯೇ ಬಿದ್ದಿದೆ.

ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಪಾಠ ಹೇಳುವ ಕನ್ನಡ ಪಂಡಿತನೊಬ್ಬನು ಪೆಟ್ರೋಲ್ ಬಂಕಿನ ಲೆಕ್ಕವನ್ನು ಕುರಿತು ಸ್ಮರಣ ಸಂಚಿಕೆಯಲ್ಲಿ ಬರೆಯುವುದು ವಿಚಿತ್ರವಾಗಿ ತೋರಬಹುದು. ಅದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ಇದರಲ್ಲಿ ಒಬ್ಬ ಪ್ರಾಮಾಣಿಕನ ಮಾನದ ಪ್ರಶ್ನೆ ಅಡಗಿತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಸೀಮೆಯ ಮಕ್ಕಳು ನಮ್ಮಲ್ಲಿ ಓದುತ್ತಾರೆ. ದೂರದ ಹಳ್ಳಿಗಳಿಂದ ಅವರನ್ನು ಕರೆತರಲು ದಾನಿಗಳ ಕೃಪೆಯಿಂದ ವ್ಯಾನು ಬಂದಿದೆ. ಡೀಸೆಲಿನ ವೆಚ್ಚಕ್ಕೆಂದು ಸಂಸ್ಥೆಯ ಹೆಸರಿನಲ್ಲಿ ಒಂದು ಕ್ರೆಡಿಟ್ ಕಾರ್ಡು ಉಂಟು. ಅದು ಚಾಲಕರ ವಶದಲ್ಲಿರುತ್ತದೆ. ಕೆಲವು ಕಾಲದ ಹಿಂದೆ ತಿಂಗಳ ಲೆಕ್ಕಪಟ್ಟಿ ಬಂದಾಗ ಗುಮಾಸ್ತರಿಗೆ ಮೂರು ಸಂದೇಹಗಳು ತಲೆದೋರಿದವು. ಮಕ್ಕಳನ್ನು ಸ್ಪರ್ಧೆಗೆಂದು ಹಡಗಲಿಗೆ ಕರೆದೊಯ್ದದ್ದು ಶನಿವಾರ. ಪಟ್ಟಿಯಲ್ಲಿ 3,000 ರೂ. ಖರ್ಚಾದದ್ದು ಸೋಮವಾರ, ಅದೂ ಯಾರೂ ಕೇಳರಿಯದ ಹೆಸರಿನಲ್ಲಿ, 'ಬಳ್ಳಾರಿ' ಎಂಬ ಊರಿನಲ್ಲಿ. ಅದರ ಕೆಳಗೆ 30 ರೂ. ಒಂದು ಸಾಲು, 5 ರೂ. 40 ಪೈಸೆ ಮತ್ತೊಂದು ಸಾಲು. ಇದಲ್ಲದೆ ಹರಪನಹಳ್ಳಿಯ ಬಂಕೊಂದರಲ್ಲಿ ಒಂದೇ ದಿನ 2,000 ರೂ. ಎರಡು ಸಲ.

ಚಾಲಕರು ಇಪ್ಪತ್ತು ವರ್ಷಗಳಿಂದ ಸಂಸ್ಥೆಯಲ್ಲಿದ್ದವರು. ಚೀಟಿಗಳನ್ನು ತೋರಿಸೆಂದಾಗ ವ್ಯಾನಿನ ಮುಂಭಾಗದಲ್ಲಿ ಜೋಪಾನವಾಗಿ ಇಟ್ಟಿದ್ದ ಕಟ್ಟನ್ನೇ ತಂದು ಮುಂದಿಟ್ಟರು. ಆದರೆ ನಮ್ಮ ಸೀಮೆಯ ಬಿಸಿಲಿಗೆ ಚೀಟಿಗಳೆಲ್ಲ ಬರಿಯ ಬಿಳಿಯ ಹಾಳೆಗಳಾಗಿದ್ದವು. ಯಂತ್ರದಿಂದ ಬರುವ ಆ ಚೀಟಿಗಳಲ್ಲಿ ಮಸಿಯೇ ಇರುವುದಿಲ್ಲ. ಕಾಗದಕ್ಕೆ ಬಳಿದ ಲೇಪವು ಶಾಖಕ್ಕೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲಿನಲ್ಲಿ ಬಹುಕಾಲ ಬಿದ್ದರೆ ಮೂಡಿದ ಅಕ್ಷರವೂ ಮಾಸಿಹೋಗುತ್ತದೆ. "ಗುರುಗಳೇ, ನಾ ಆ ದಿನ ಬಳ್ಳಾರಿ ಮುಖಾನೂ ನೋಡಿಲ್ರೀ" ಎಂದು ಅವರು ನನ್ನ ಬಳಿ ಬಂದು ಹೇಳಿದಾಗ ಕಣ್ಣಲ್ಲಿ ನೀರಿತ್ತು. ಆಡಳಿತ ಮಂಡಳಿಯವರು, "ಪಂಡಿತರೇ, ಹಳೆಯ ಓಲೆಗಳನ್ನು ಓದುವವರು ನೀವು, ಇದನ್ನೂ ಒಮ್ಮೆ ಓದಿರಿ" ಎಂದು ಪಟ್ಟಿಯನ್ನು ನನ್ನ ಕೈಗಿತ್ತರು.

ಕಠಿಣ ಪದ್ಯವನ್ನು ಬಿಡಿಸುವಾಗ ನಾವು ಮೊದಲು ಪದಚ್ಛೇದ ಮಾಡುತ್ತೇವೆ, ಬಳಿಕ ಅನ್ವಯ ಹೇಳುತ್ತೇವೆ, ಕೊನೆಗೆ ತಾತ್ಪರ್ಯಕ್ಕೆ ಬರುತ್ತೇವೆ. ಪದಚ್ಛೇದ ಮಾಡದೆ ತಾತ್ಪರ್ಯ ಹೇಳಹೊರಟವನು ಎಡವುತ್ತಾನೆ. ಲೆಕ್ಕಪಟ್ಟಿಯ ಸಾಲಿಗೂ ಇದೇ ಕ್ರಮ ಒಪ್ಪುತ್ತದೆಂದು ನನಗೆ ಕಂಡಿತು. ಪ್ರತಿ ಸಾಲಿನಲ್ಲಿ ನಾಲ್ಕು ಅಂಗಗಳುಂಟು: ಹೆಸರು, ಊರು, ದಿನಾಂಕ, ಮೊತ್ತ. ಒಂದೊಂದನ್ನೇ ಬಿಡಿಸೋಣ.

ಮೊದಲನೆಯದು ಹೆಸರು. ನಾವು ಬಂಕನ್ನು ಗುರುತಿಸುವುದು ಫಲಕದಿಂದ. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ಥಾನ್ ಪೆಟ್ರೋಲಿಯಂ ಎಂಬ ಹೆಸರುಗಳು ಎಣ್ಣೆಯನ್ನು ಒದಗಿಸುವ ಕಂಪನಿಗಳವು. ಬಂಕನ್ನು ನಡೆಸುವವನಾದರೋ ಬಹುತೇಕ ಒಬ್ಬ ಖಾಸಗಿ ವಿತರಕ. ಅವನ ಅಂಗಡಿಗೆ ತಂದೆಯ ಹೆಸರೋ, ಕುಲದೇವರ ಹೆಸರೋ, 'ಅಂಡ್ ಸನ್ಸ್' ಎಂಬ ಬಾಲವೋ ಇರುತ್ತದೆ. ಕಾರ್ಡು ಉಜ್ಜುವ ಯಂತ್ರವನ್ನು ಬ್ಯಾಂಕಿನಿಂದ ಪಡೆಯುವಾಗ ಅವನು ಯಾವ ಹೆಸರನ್ನು ನೋಂದಾಯಿಸಿದನೋ ಅದೇ ನಮ್ಮ ಪಟ್ಟಿಯಲ್ಲಿ ಮೂಡುತ್ತದೆ. ಫಲಕದ ಮೇಲಿನ ಹೆಸರಿಗೂ ಅದಕ್ಕೂ ಸಂಬಂಧವಿರಲೇಬೇಕೆಂಬ ನಿಯಮವಿಲ್ಲ. ಜನರು ಕರೆಯುವ ಹೆಸರಂತೂ ಬೇರೆಯೇ: 'ಬೈಪಾಸ್ ಬಂಕು', 'ಹಳೇ ಬಂಕು' ಎಂದೇ ನಮ್ಮ ವ್ಯವಹಾರ. ಹೀಗೆ ಒಂದೇ ವಸ್ತುವಿಗೆ ಮೂರು ನಾಮಗಳು. ಅಮರಕೋಶವನ್ನು ಓದಿದವರು ಇದಕ್ಕೆ ಬೆರಗಾಗಬೇಕಿಲ್ಲ.

ಬ್ಯಾಂಕುಗಳ ಹೆಸರೇ ಬದಲಾಗುವುದನ್ನು ನಾವು ಕಂಡಿಲ್ಲವೆ? 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2013ರಲ್ಲಿ ಅದು ಪ್ರಗತಿ ಕೃಷ್ಣಾ ಆಯಿತು. 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎನಿಸಿತು. 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಡನೆ ಒಂದಾಯಿತು. ಅಲ್ಲಿ ಖಾತೆ ಇಟ್ಟಿದ್ದ ರೈತನ ಹಣವಾದರೋ ಖಾತೆಯಲ್ಲಿಯೇ ಇದ್ದಿತು. ನಾಮ ಬದಲಾದ ಮಾತ್ರಕ್ಕೆ ವಸ್ತು ಬದಲಾಗುವುದಿಲ್ಲ.

ಎರಡನೆಯದು ಊರು. ಯಂತ್ರದ ಭಾಷೆಯಲ್ಲಿ ಊರಿನ ಹೆಸರಿಗೆ ಮೀಸಲಾದ ಜಾಗ ಸಾಮಾನ್ಯವಾಗಿ 13 ಇಂಗ್ಲಿಷ್ ಅಕ್ಷರಗಳಷ್ಟು. ನಮ್ಮ ಸೀಮೆಯ ಊರುಗಳಿಗೆ ಇದರಿಂದ ಒದಗುವ ಗತಿ ಸ್ವಾರಸ್ಯಕರವಾಗಿದೆ. ಕೊಟ್ಟೂರು, ಕೂಡ್ಲಿಗಿಗಳು ಸುಖವಾಗಿ ಹಿಡಿಸುತ್ತವೆ. ಹರಪನಹಳ್ಳಿಗೆ ಇಂಗ್ಲಿಷಿನಲ್ಲಿ ಸರಿಯಾಗಿ 13 ಅಕ್ಷರಗಳು, ಕೂದಲೆಳೆಯಲ್ಲಿ ಪಾರಾಗುತ್ತದೆ. ಹಗರಿಬೊಮ್ಮನಹಳ್ಳಿಗೆ 18 ಬೇಕು. ಆದ್ದರಿಂದ 'ಹಳ್ಳಿ' ಕತ್ತರಿಸಿಹೋಗಿ 'ಹಗರಿಬೊಮ್ಮನ' ಎಂದಷ್ಟೇ ಉಳಿಯುತ್ತದೆ. ಹೂವಿನ ಹಡಗಲಿಯು 'ಹೂವಿನ ಹಡಗ' ಎಂದು ನಿಲ್ಲುತ್ತದೆ. ಇಲ್ಲಿಯ ಹೂವು ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪೆಗೆ ಹೋಗುತ್ತಿತ್ತೆಂದು ಹೇಳುವ ಜನರ ಸ್ಥಳಪುರಾಣಕ್ಕೆ ಯಂತ್ರವೂ ಸಾಕ್ಷಿ ನುಡಿದಂತಾಯಿತು!

ಊರಿನ ಬದಲು ಜಿಲ್ಲೆಯ ಹೆಸರನ್ನೋ, ಮುಖ್ಯ ಕಚೇರಿಯಿರುವ ಪಟ್ಟಣವನ್ನೋ ನೋಂದಾಯಿಸಿರುವುದೂ ಉಂಟು. ವಿಜಯನಗರ ಜಿಲ್ಲೆಯು ಅಸ್ತಿತ್ವಕ್ಕೆ ಬಂದದ್ದು 2021ರಲ್ಲಿ. ಅದಕ್ಕೆ ಮುಂಚೆ ಬಂಕು ತೆರೆದವರ ದಾಖಲೆಯಲ್ಲಿ ಬಳ್ಳಾರಿ ಎಂದೇ ಇರುವುದು ಸಹಜ. ಹರಪನಹಳ್ಳಿಯಾದರೋ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಅನಂತರ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿದೆ. ಅಲ್ಲಿಯ ಹಳೆಯ ವ್ಯಾಪಾರಿಯ ಹೆಸರಿನ ಮುಂದೆ 'ದಾವಣಗೆರೆ' ಎಂದು ಕಂಡರೆ, ವಾಹನವು ದಾವಣಗೆರೆಗೆ ಹೋಗಿತ್ತೆಂದು ತೀರ್ಮಾನಿಸಲಾಗದು.

ಮೂರನೆಯದು ದಿನಾಂಕ. ಲೆಕ್ಕಪಟ್ಟಿಯಲ್ಲಿ ಎರಡು ಬಗೆಯ ದಿನಗಳುಂಟು. ಕಾರ್ಡು ಉಜ್ಜಿದ ದಿನ ಒಂದು. ಆ ವ್ಯವಹಾರವು ಬ್ಯಾಂಕಿನ ಪುಸ್ತಕಕ್ಕೆ ಏರಿದ ದಿನ ಮತ್ತೊಂದು. ನಮ್ಮ ಹಳೆಯ ವರ್ತಕರು ದಿನದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದು, ಬಿಡುವಾದಾಗ ಖಾತೆಗೆ ಏರಿಸುತ್ತಿದ್ದರಲ್ಲ, ಅದೇ ಪದ್ಧತಿ. ಕಾರ್ಡು ಉಜ್ಜಿದೊಡನೆ ಬ್ಯಾಂಕು ಒಪ್ಪಿಗೆಯನ್ನಷ್ಟೇ ಕೊಡುತ್ತದೆ. ಬಂಕಿನವನು ದಿನದ ವಹಿವಾಟನ್ನೆಲ್ಲ ಒಟ್ಟುಗೂಡಿಸಿ ಕಳುಹಿಸಿದ ಮೇಲೆ ಹಣ ಸಂದಾಯವಾಗುತ್ತದೆ. ನಡುವೆ ಭಾನುವಾರವೋ ಹಬ್ಬವೋ ಬಂದರೆ ಮತ್ತಷ್ಟು ತಡ. ಆದಕಾರಣ ಶನಿವಾರದ ಡೀಸೆಲು ಸೋಮವಾರದ ಸಾಲಿನಲ್ಲಿ ಕಾಣಿಸಿಕೊಂಡಿತು.

ನಾಲ್ಕನೆಯದು ಮೊತ್ತ. ಇದು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದ ಭಾಗ. ಬೇರೆ ಅಂಗಡಿಯಲ್ಲಿ ಕಾರ್ಡು ಉಜ್ಜಿದರೆ, ಆ ವ್ಯವಸ್ಥೆಯ ವೆಚ್ಚಕ್ಕೆಂದು ಬ್ಯಾಂಕುಗಳು ವ್ಯಾಪಾರಿಯಿಂದ ಒಂದು ಅಂಶವನ್ನು ಹಿಡಿದುಕೊಳ್ಳುತ್ತವೆ. ಅದಕ್ಕೆ ಎಂ.ಡಿ.ಆರ್. ಎಂದು ಹೆಸರು. ಬಟ್ಟೆ ವ್ಯಾಪಾರಿಯು ಅದನ್ನು ತನ್ನ ಲಾಭದಲ್ಲಿ ತುಂಬಿಕೊಳ್ಳುತ್ತಾನೆ. ಬಂಕಿನವನಿಗೆ ಆ ಸ್ವಾತಂತ್ರ್ಯವಿಲ್ಲ. ಮಾರುವ ಬೆಲೆಯನ್ನೂ ಲೀಟರಿಗೆ ಅವನಿಗೆ ಸಲ್ಲುವ ಕಮಿಷನ್ನನ್ನೂ ಕಂಪನಿಯೇ ಗೊತ್ತುಮಾಡುತ್ತದೆ. ಹೀಗಾಗಿ ಈ ಭಾರವು ಬಹುಕಾಲದಿಂದ ಗ್ರಾಹಕನ ಮೇಲೆಯೇ 'ಇಂಧನ ಸರ್ಚಾರ್ಜ್' ಎಂಬ ಹೆಸರಿನಲ್ಲಿ ಬೀಳುತ್ತ ಬಂದಿದೆ. ನೋಟು ರದ್ದತಿಯ ಬಳಿಕ, 2017ರ ಜನವರಿಯಲ್ಲಿ, ಬ್ಯಾಂಕುಗಳು ಶೇಕಡಾ 1ರಷ್ಟನ್ನು ಬಂಕಿನವರಿಂದ ಪಡೆಯಹೊರಟಾಗ, ತಾವು ಕಾರ್ಡನ್ನೇ ಸ್ವೀಕರಿಸುವುದಿಲ್ಲವೆಂದು ವಿತರಕರು ಸಾರಿದ್ದುದು ಹಲವರ ನೆನಪಿನಲ್ಲಿರಬಹುದು. ಸರ್ಕಾರ ನಡುವೆ ಬಂದು ಅದನ್ನು ತಪ್ಪಿಸಿತು.

ಕ್ರೆಡಿಟ್ ಕಾರ್ಡಿನಲ್ಲಿ ಈ ಸರ್ಚಾರ್ಜ್ ಸಾಮಾನ್ಯವಾಗಿ ಶೇಕಡಾ 1. ಬಂಕಿನ ಬಿಲ್ಲಿನಲ್ಲಿ ಇದು ಕಾಣುವುದಿಲ್ಲ. ಬ್ಯಾಂಕಿನ ಕಡೆಯಲ್ಲಿ ಸೇರುತ್ತದೆ. 3,000 ರೂಪಾಯಿಗೆ 30 ರೂ. ಆಯಿತು. ಬ್ಯಾಂಕಿನ ಸೇವೆಗೆ ಶೇಕಡಾ 18ರ ಜಿ.ಎಸ್.ಟಿ. ಉಂಟು, 30 ರೂಪಾಯಿಗೆ ಅದು 5 ರೂ. 40 ಪೈಸೆ. ಗುಮಾಸ್ತರನ್ನು ಕಾಡಿದ ಎರಡು ಸಣ್ಣ ಸಾಲುಗಳ ಗುಟ್ಟು ಇಷ್ಟೇ.

ಇಲ್ಲಿ ವಿದ್ಯಾವಂತರೂ ಒಂದು ಆಕ್ಷೇಪವನ್ನು ಎತ್ತುತ್ತಾರೆ: "ಪೆಟ್ರೋಲು, ಡೀಸೆಲುಗಳಿಗೆ ಜಿ.ಎಸ್.ಟಿ.ಯೇ ಇಲ್ಲ, ಇದೆಲ್ಲಿಂದ ಬಂತು?" ಆಕ್ಷೇಪದ ಪೂರ್ವಾರ್ಧ ಸತ್ಯ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಪೆಟ್ರೋಲು, ಡೀಸೆಲುಗಳನ್ನು ಹೊರಗಿಡಲಾಯಿತು; ಅವುಗಳ ಮೇಲೆ ಕೇಂದ್ರದ ಅಬಕಾರಿ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ಇವೆ. ಆದರೆ ಈ 5 ರೂ. 40 ಪೈಸೆ ಡೀಸೆಲಿನ ಮೇಲಿನ ತೆರಿಗೆಯಲ್ಲ, ಬ್ಯಾಂಕಿನ ಶುಲ್ಕದ ಮೇಲಿನ ತೆರಿಗೆ. ವಿಶೇಷಣವು ಯಾವ ವಿಶೇಷ್ಯಕ್ಕೆ ಅನ್ವಯಿಸುತ್ತದೆಂಬುದನ್ನು ಅರಿಯದಿದ್ದರೆ ಅರ್ಥ ಕೆಡುತ್ತದೆಂದು ತರಗತಿಯಲ್ಲಿ ಹೇಳುವುದು ಇದನ್ನೇ.

ಹಲವು ಕಾರ್ಡುಗಳಲ್ಲಿ ಸರ್ಚಾರ್ಜಿಗೆ ಮಾಫಿಯುಂಟು. 400 ರೂ.ಗೆ ಕಡಿಮೆಯಿಲ್ಲದ, 5,000 ರೂ.ಗೆ ಮೀರದ ಖರೀದಿಗೆ ಮಾಫಿ ಎಂಬಂತಹ ಮಿತಿಗಳಿರುತ್ತವೆ. ಕಾರ್ಡಿನಿಂದ ಕಾರ್ಡಿಗೆ ಇವು ಬೇರೆ. ಮಾಫಿಯೆಂದರೆ ಮೊದಲು ಹಿಡಿದು ಆಮೇಲೆ ಜಮೆ ಮಾಡುವುದು. ಆ ಜಮೆಯು ಅದೇ ಪಟ್ಟಿಯಲ್ಲಿಯೋ ಮುಂದಿನ ತಿಂಗಳಿನ ಪಟ್ಟಿಯಲ್ಲಿಯೋ ಬರಬಹುದು. ಸಾಮಾನ್ಯವಾಗಿ 30 ರೂ. ಮರಳುತ್ತದೆ, ಅದರ ಮೇಲಿನ ತೆರಿಗೆ ಮರಳುವುದಿಲ್ಲ. ಬಂಕಿನಲ್ಲಿ ಎಂಜಿನ್ ಎಣ್ಣೆಯನ್ನು ಕೊಂಡರೂ ಸರ್ಚಾರ್ಜ್ ಬೀಳಬಹುದು. ಏಕೆಂದರೆ ಯಂತ್ರವು ನೋಡುವುದು ವಸ್ತುವನ್ನಲ್ಲ, ಅಂಗಡಿಯ ವರ್ಗಸಂಕೇತವನ್ನು. ಬಂಕುಗಳಿಗೆ 5541, 5542 ಎಂಬ ಸಂಕೇತಗಳಿವೆ.

ಹಳೆಯ ಪಟ್ಟಿಗಳನ್ನು ತಿರುವಿ ಹಾಕುವವರಿಗೆ ಇದಕ್ಕೆ ವಿರುದ್ಧವಾದ ಒಂದು ಸೋಜಿಗ ಕಾಣುತ್ತದೆ: ಕೇಳದೆ ಬಂದ ಸಣ್ಣ ಜಮೆ. 2016ರ ಡಿಸೆಂಬರಿನಲ್ಲಿ ಸರ್ಕಾರಿ ಕಂಪನಿಗಳ ಬಂಕುಗಳಲ್ಲಿ ನಗದುರಹಿತವಾಗಿ ಪಾವತಿ ಮಾಡಿದವರಿಗೆ ಶೇಕಡಾ 0.75ರ ರಿಯಾಯಿತಿ ಘೋಷಣೆಯಾಯಿತು. 1,000 ರೂಪಾಯಿಗೆ 7 ರೂ. 50 ಪೈಸೆ ಕೆಲವು ದಿನಗಳಲ್ಲಿ ಖಾತೆಗೆ ಮರಳುತ್ತಿತ್ತು. ಕ್ರೆಡಿಟ್ ಕಾರ್ಡಿಗೆ ಅದು 2019ರ ಅಕ್ಟೋಬರ್ 1ರಿಂದ ನಿಂತುಹೋಯಿತು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡು ಮತ್ತು ಯು.ಪಿ.ಐ. ಪಾವತಿಗಳಿಗೆ ಎಂ.ಡಿ.ಆರ್. ಇಲ್ಲವೆಂದಾಯಿತು.

ಯು.ಪಿ.ಐ. ಮೂಲಕ ಹಣ ಕೊಟ್ಟಾಗ ಸಾಲಿನ ರೂಪ ಬೇರೆ. 'ಯು.ಪಿ.ಐ.' ಎಂಬ ಗುರುತು, 'ಡಿ.ಆರ್.' ಎಂಬ ಖರ್ಚಿನ ಚಿಹ್ನೆ, 12 ಅಂಕಿಗಳ ಒಂದು ಸಂಖ್ಯೆ, ಪಡೆದವರ ಹೆಸರು, ಅವರ ಬ್ಯಾಂಕಿನ ಸಂಕ್ಷೇಪ ಇವು ಓರೆಗೆರೆಗಳ ನಡುವೆ ಪೋಣಿಸಿಕೊಂಡಿರುತ್ತವೆ. ಕ್ರಮ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾದರೂ ಆ 12 ಅಂಕಿಗಳೇ ವ್ಯವಹಾರದ ಅಂಕಿತ. ದೂರು ಕೊಡುವಾಗ ಹೆಸರಿಗಿಂತ ಅದೇ ಮುಖ್ಯ.

ಇನ್ನು ಎರಡು ಸಲ ಬಿದ್ದ 2,000 ರೂಪಾಯಿಯ ವಿಷಯ. ಮೊದಲ ಸಲ ಕಾರ್ಡು ಉಜ್ಜಿದಾಗ ಸಂಪರ್ಕ ಕಡಿದು ಚೀಟಿ ಬರಲಿಲ್ಲ. ಬಂಕಿನ ಹುಡುಗ ಮತ್ತೊಮ್ಮೆ ಉಜ್ಜಿದ. ಹೀಗೆ ಚೀಟಿ ಬಾರದೆ ಹಣ ಕಡಿತವಾದರೆ ಏನಾಗಬೇಕೆಂಬುದನ್ನು ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ವಿಧಿಸಿದೆ. ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಹಣ ತಾನಾಗಿಯೇ ಮರಳಬೇಕು; ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಬಂಕಿಗೆ ಯು.ಪಿ.ಐ. ಮೂಲಕ ಕೊಟ್ಟ ಹಣ ಅಲ್ಲಿ ತಲುಪದಿದ್ದರೂ ಇದೇ ಐದು ದಿನಗಳ ಗಡುವು. ನಮ್ಮ ಪಟ್ಟಿಯು ಆ ಐದು ದಿನಗಳ ನಡುವೆಯೇ ಅಚ್ಚಾಗಿದ್ದುದರಿಂದ ಖರ್ಚು ಕಂಡಿತು, ಜಮೆ ಕಾಣಲಿಲ್ಲ. ಅರ್ಧ ವಾಕ್ಯವನ್ನು ಓದಿ ನಾವು ಪೂರ್ಣವಿರಾಮ ಹಾಕಿದ್ದೆವು.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಮತ್ತೊಂದು ಬಗೆಯ ಸಾಲು ಪರಿಚಿತವಿದ್ದೀತು. ಅಲ್ಲಿ ಗ್ರಾಹಕನೇ ಪಂಪಿಗೆ ಕಾರ್ಡು ತೂರಿಸಿ ತಾನೇ ತುಂಬಿಸಿಕೊಳ್ಳುತ್ತಾನೆ. ಎಷ್ಟು ತುಂಬಿಸುವನೆಂಬುದು ಮೊದಲೇ ತಿಳಿಯದಾದ್ದರಿಂದ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಅದು 1 ಡಾಲರಿನಷ್ಟು ಕಡಿಮೆಯೂ ಇರಬಹುದು, 175 ಡಾಲರಿನಷ್ಟು ಹೆಚ್ಚೂ ಇರಬಹುದು. ನಿಜವಾದ ಬಿಲ್ಲು ಬಂದ ಮೇಲೆ ಆ ತಡೆ ತೆರವಾಗುತ್ತದೆ. ಮಕ್ಕಳನ್ನು ನೋಡಲು ಅಲ್ಲಿಗೆ ಹೋದ ತಂದೆತಾಯಿಗಳು ಇದನ್ನು ಕಂಡು ಗಾಬರಿಗೊಳ್ಳಬೇಕಾಗಿಲ್ಲ.

ಪದಚ್ಛೇದ, ಅನ್ವಯಗಳೆಲ್ಲ ಮುಗಿದರೂ ಅರ್ಥವಾಗದ ಸಾಲು ಉಳಿದರೆ? ಆಗ ಉದಾಸೀನ ಸಲ್ಲದು. ಬಂಕಿನ ಹೆಸರಿನಲ್ಲಿ ಕಳ್ಳತನ ನಡೆಯುವುದೂ ಉಂಟು. ಕೂಡಲೇ ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ತಡೆಹಿಡಿಸಬೇಕು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ಹಾಕಿಕೊಟ್ಟ ತತ್ತ್ವವಿದು: ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಮೋಸವಾಗಿ, ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ಗ್ರಾಹಕನು ತಿಳಿಸಿದರೆ ಅವನ ಮೇಲೆ ಯಾವ ಹೊಣೆಯೂ ಇಲ್ಲ, ನಾಲ್ಕರಿಂದ ಏಳು ದಿನಗಳಾದರೆ ಮಿತವಾದ ಹೊಣೆ, ಅದನ್ನು ಮೀರಿದರೆ ಬ್ಯಾಂಕಿನ ನೀತಿಗೆ ಬಿಟ್ಟದ್ದು. ಗುಪ್ತಸಂಖ್ಯೆಯನ್ನು ತಾನೇ ಪರರಿಗೆ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಈ ನಿಯಮಗಳು ಆಗಾಗ ಪರಿಷ್ಕೃತವಾಗುವುದರಿಂದ ಶಾಖೆಯಲ್ಲಿ ವಿಚಾರಿಸುವುದು ಲೇಸು. ಆದರೆ ಬೇಗ ತಿಳಿಸಿದವನಿಗೆ ರಕ್ಷಣೆ ಹೆಚ್ಚೆಂಬ ಸಾರವನ್ನು ಮರೆಯಬಾರದು. ಆನ್‌ಲೈನ್ ವಂಚನೆಯಾದರೆ 1930ಕ್ಕೆ ದೂರವಾಣಿ ಮಾಡಬೇಕು. ಬ್ಯಾಂಕು 30 ದಿನಗಳಲ್ಲಿ ಸಮಾಧಾನಕರ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರಿಕೊಳ್ಳಬಹುದು.

ಪ್ರಸಂಗದ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಇಷ್ಟನ್ನು ತಿಳಿದ ಮೇಲೆ ಗುಮಾಸ್ತರೂ ನಾನೂ ಬಸ್ಸು ಹಿಡಿದು ಹಗರಿಬೊಮ್ಮನಹಳ್ಳಿಗೆ ಹೋದೆವು. ಹಡಗಲಿಯಿಂದ ಹಿಂದಿರುಗುವಾಗ ಡೀಸೆಲ್ ಹಾಕಿಸಿದ ಬಂಕನ್ನು ಚಾಲಕರು ಹೇಳಿದ್ದರು. ಮಾಲೀಕರು ಆ ಶನಿವಾರದ ದಾಖಲೆಯನ್ನು ತೆಗೆದು ತೋರಿಸಿದರು. ಪಟ್ಟಿಯಲ್ಲಿದ್ದ ಅಪರಿಚಿತ ಹೆಸರು ಅವರ ತಂದೆಯವರದು. ಗೋಡೆಯ ಮೇಲೆ ಆ ಹಿರಿಯರ ಭಾವಚಿತ್ರಕ್ಕೆ ಹೂಮಾಲೆ ಹಾಕಿತ್ತು. ಮೊತ್ತವೂ ವ್ಯವಹಾರದ ಸಂಖ್ಯೆಯೂ ಅಂಕಿಗೆ ಅಂಕಿ ಕೂಡಿದವು. ಮುಂದಿನ ತಿಂಗಳ ಪಟ್ಟಿಯಲ್ಲಿ 2,000 ರೂ. ಜಮೆಯೂ, 30 ರೂ. ಮಾಫಿಯೂ ಬಂದವು. ಸಂಸ್ಥೆಗೆ ಉಳಿದ ಹೆಚ್ಚುವರಿ ವೆಚ್ಚವೆಂದರೆ 5 ರೂ. 40 ಪೈಸೆ. ಅಷ್ಟಕ್ಕಾಗಿ ಇಪ್ಪತ್ತು ವರ್ಷದ ಸೇವೆಯನ್ನು ನಾವು ಶಂಕಿಸಿದ್ದೆವು.

ಮಂಡಳಿಯ ಸಭೆಯಲ್ಲಿ ಗುಮಾಸ್ತರು ತಾವಾಗಿಯೇ ಎದ್ದು ಚಾಲಕರ ಕೈ ಹಿಡಿದು ಕ್ಷಮೆ ಕೇಳಿದರು. "ಇರಲಿ ಬಿಡ್ರೀ, ಲೆಕ್ಕ ಕೇಳೋದು ನಿಮ್ಮ ಕೆಲಸ" ಎಂದಷ್ಟೇ ಅವರು ನುಡಿದರು. ಆ ಮಾತಿನಲ್ಲಿ ಅರ್ಥವಿದೆ. ದಾನಿಗಳು ಕೊಟ್ಟ ಹಣದ ಪ್ರತಿಯೊಂದು ಪೈಸೆಗೂ ಲೆಕ್ಕ ಕೇಳಲೇಬೇಕು. ಅದರಲ್ಲಿ ಸಂಕೋಚ ಕೂಡದು. ಆದರೆ ಕೇಳುವುದಕ್ಕೆ ಮುಂಚೆ ಓದಬೇಕು. ಅಂದಿನಿಂದ ವ್ಯಾನಿನಲ್ಲಿ ಒಂದು ದಫ್ತರವನ್ನು ಇಟ್ಟಿದ್ದೇವೆ. ದಿನಾಂಕ, ಊರು, ಬಂಕಿನ ಬಿಲ್ಲಿನಲ್ಲಿರುವ ಹೆಸರು, ಲೀಟರು, ಮೊತ್ತ, ಮೈಲಿಗಲ್ಲಿನ ಲೆಕ್ಕ ಇವನ್ನು ಚಾಲಕರು ಮಸಿಯ ಲೇಖನಿಯಿಂದಲೇ ಬರೆಯುತ್ತಾರೆ. ಚೀಟಿಯು ಅಂದೇ ಕಚೇರಿಗೆ ಬಂದು ನೆರಳಿನಲ್ಲಿ ಸೇರುತ್ತದೆ. ತಿಂಗಳ ಕೊನೆಗೆ ಪಟ್ಟಿಯನ್ನೂ ದಫ್ತರವನ್ನೂ ಎದುರುಬದುರು ಇಟ್ಟು ಗುಮಾಸ್ತರೂ ಚಾಲಕರೂ ಒಟ್ಟಿಗೆ ಕೂತು ಓದುತ್ತಾರೆ.

ಸಹೋದ್ಯೋಗಿ ಅಧ್ಯಾಪಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ಉದಾರಿಗಳಾದ ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ. ತಮ್ಮ ಮನೆಯ ಲೆಕ್ಕಪಟ್ಟಿಯಲ್ಲಿ ಅರಿಯದ ಸಾಲೊಂದು ಕಂಡರೆ ಮಗನನ್ನೋ ಆಳನ್ನೋ ಕರೆದು ಗದರುವ ಮೊದಲು, ಹೆಸರು, ಊರು, ದಿನ, ಮೊತ್ತಗಳೆಂದು ಅದನ್ನು ನಾಲ್ಕಾಗಿ ಬಿಡಿಸಿ ನೋಡಿರಿ. ಬಹುಪಾಲು ಸಾಲುಗಳು ಅಲ್ಲಿಯೇ ಅರ್ಥ ಬಿಟ್ಟುಕೊಡುತ್ತವೆ. ಬಿಟ್ಟುಕೊಡದ ಸಾಲನ್ನು ಮೂರು ದಿನಗಳೊಳಗೆ ಬ್ಯಾಂಕಿನ ಮುಂದಿಡಿರಿ.